ಗಿಟಾರ್ ಎಲ್ಲಿ ಸ್ವಾಮಿ?

ಪ್ರಶ್ನೆ: ಫಿನ್ಲೆಂಡಿನ ಹಳೇ ಪ್ರೋಗ್ ರಾಕ್ (ಜಾಝ್, ಶಾಸ್ತ್ರೀಯ ಸಂಗೀತ ಬೆರೆಸಿ ಉದ್ದುದ್ದ ಹಾಡು ಕಟ್ಟೋ ರಾಕ್) ಕೇಳ್ಬೇಕು ಅಂದ್ರೆ ಎಲ್ಲರೂ ವಿಗ್‌ವ್ಯಾಮ್ ಬ್ಯಾಂಡಿನ ‘ಬೀಯಿಂಗ್’ ಆಲ್ಬಂ ಹೆಸರು ಹೇಳ್ತಾರೆ. ಕೇಳಿದೆ. ಆರ್ಗನ್ ಇದೆ, ಪಿಯಾನೋ ಇದೆ, ಊದೋ ವಾದ್ಯಗಳೂ ಇವೆ. ಗಿಟಾರ್ ಮಾತ್ರ ಎಲ್ಲೂ ಕಿವಿಗೆ ಬೀಳಲಿಲ್ಲ. ಗಿಟಾರೇ ಇಲ್ಲದ್ದನ್ನ ರಾಕ್ ಅಂತ ಹೇಗೆ ಕರೆಯೋದು?

ನಿಮ್ಮ ಕಿವಿ ಸರಿಯಾಗಿಯೇ ಇದೆ. 1974ರಲ್ಲಿ ‘ಬೀಯಿಂಗ್’ ಬಂದಾಗ ವಿಗ್‌ವ್ಯಾಮ್‌ನಲ್ಲಿ ಕಾಯಂ ಗಿಟಾರಿಸ್ಟ್ ಇರಲಿಲ್ಲ. ಡ್ರಮ್ಮರ್ ರೋನಿ ಓಸ್ಟರ್‌ಬರ್ಗ್ 1968ರಲ್ಲಿ ಬ್ಯಾಂಡ್ ಕಟ್ಟಿದಾಗ ಒಬ್ಬರಿದ್ದರು. ಅವರು ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತರಲಿಲ್ಲ. 1971ರ ‘ಫೇರಿಪೋರ್ಟ್’ ಅನ್ನೋ ಡಬಲ್ ಆಲ್ಬಂನಲ್ಲಿ ಯುಕ್ಕಾ ಟೊಲೊನೆನ್ ಗಿಟಾರ್ ಹಿಡಿದು ಬರ್ತಾರೆ, ಆದರೆ ಅತಿಥಿಯಾಗಿ. ಅವರದ್ದು ಬೇರೆಯೇ ಬ್ಯಾಂಡ್.

ಹಾಗಾದರೆ ಗಿಟಾರಿನ ಕೆಲಸ ಮಾಡೋರು ಯಾರು? ಆಲ್ಬಂನ ಮಜಾ ಇರೋದೇ ಇಲ್ಲಿ. ಒಬ್ಬರ ಕೆಲಸವನ್ನ ಮೂವರು ಹಂಚಿಕೊಂಡಿದ್ದಾರೆ.

ಮೊದಲನೆಯದು ಯುಕ್ಕಾ ಗುಸ್ತಾವ್‌ಸನ್ ನುಡಿಸೋ ಹ್ಯಾಮಂಡ್ ಆರ್ಗನ್. ಇದು 1935ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಯಂತ್ರ. ಚರ್ಚುಗಳಿಗೆ ದೊಡ್ಡ ಪೈಪ್ ಆರ್ಗನ್ ಕೊಳ್ಳೋಕೆ ದುಡ್ಡಿಲ್ಲದಿದ್ದರೆ ಇದನ್ನ ತಗೊಳ್ಳಲಿ ಅನ್ನೋ ಲೆಕ್ಕಾಚಾರ ಅದರ ಹಿಂದಿತ್ತು. ಒಳಗೆ ಹಲ್ಲಿರೋ ಉಕ್ಕಿನ ಚಕ್ರಗಳು ಆಯಸ್ಕಾಂತದ ಪಕ್ಕದಲ್ಲಿ ತಿರುಗುತ್ತವೆ, ಅದರಿಂದ ಸ್ವರ ಹುಟ್ಟುತ್ತೆ. ಕೀಲಿಗಳ ಮೇಲ್ಗಡೆ ಎಳೆದು ತಳ್ಳೋ ಸಣ್ಣ ಕಡ್ಡಿಗಳಿರುತ್ತವೆ. ಒಂದನ್ನ ಎಳೆದರೆ ದನಿ ದಪ್ಪ, ಇನ್ನೊಂದನ್ನ ಎಳೆದರೆ ಚೂಪು. ಇದಕ್ಕೆ ಜೋಡಿಯಾಗಿ ರಾಕ್‌ನವರು ಇಟ್ಟುಕೊಳ್ಳುತ್ತಿದ್ದ ಲೆಸ್ಲಿ ಸ್ಪೀಕರ್‌ನಲ್ಲಿ ಕೊಂಬು ನಿಜಕ್ಕೂ ಗಿರಗಿರ ತಿರುಗುತ್ತೆ. ದನಿ ಹತ್ತಿರ ಬಂದು ದೂರ ಹೋದ ಹಾಗೆ ಅಲೆಯಾಡೋದು ಅದಕ್ಕೇ. ಆಂಪ್ಲಿಫೈಯರ್ ತಡೆಯೋದಕ್ಕಿಂತ ಜಾಸ್ತಿ ಕೊಟ್ಟರೆ ಆರ್ಗನ್ ಕೂಡ ಎಲೆಕ್ಟ್ರಿಕ್ ಗಿಟಾರಿನಷ್ಟೇ ಒರಟಾಗಿ ಗರ್ಜಿಸುತ್ತೆ. ಇವತ್ತಿನ ಕಿವಿಗೆ ಈ ಆಲ್ಬಂ ‘ರೆಟ್ರೋ’ ಅನ್ನಿಸೋಕೆ ಅರ್ಧ ಕಾರಣ ಈ ಪೆಟ್ಟಿಗೆ. ಕಂಪನಿ ನಾಟಕದಲ್ಲಿ ಲೆಗ್ ಹಾರ್ಮೋನಿಯಂನವರು ಕೂತಲ್ಲೇ ಇಡೀ ಆಟವನ್ನ ಎಳೆದುಕೊಂಡು ಹೋಗ್ತಾರಲ್ಲ, ಗುಸ್ತಾವ್‌ಸನ್ ಇಲ್ಲಿ ಮಾಡೋದೂ ಅದನ್ನೇ.

ಎರಡನೆಯವರು ಜಿಮ್ ಪೆಂಬ್ರೋಕ್, ಪಿಯಾನೋ ಮತ್ತು ಹಾಡುಗಾರಿಕೆ. ಲಂಡನ್ನಿನಿಂದ 60ರ ದಶಕದಲ್ಲಿ ಫಿನ್ಲೆಂಡಿಗೆ ಹೋಗಿ ಅಲ್ಲೇ ನೆಲೆಯಾದ ಮನುಷ್ಯ. ಬ್ಯಾಂಡು ಇಂಗ್ಲಿಷಿನಲ್ಲಿ ಹಾಡೋದಕ್ಕೆ ಅವರೂ ಒಂದು ಕಾರಣ.

ಮೂರನೆಯವರೇ ನನ್ನ ಮೆಚ್ಚಿನವರು, ಬೇಸ್ (ತಗ್ಗಿನ ಸ್ವರಗಳ ಗಿಟಾರ್, ನಾವು ಹುಡುಕ್ತಿರೋ ಗಿಟಾರ್ ಅಲ್ಲ) ನುಡಿಸೋ ಪೆಕ್ಕಾ ಪೊಹ್ಯೋಲಾ. ಹೆಲ್ಸಿಂಕಿಯ ಸಿಬೆಲಿಯಸ್ ಅಕಾಡೆಮಿಯಲ್ಲಿ ಪಿಟೀಲು, ಪಿಯಾನೋ ಕಲಿತವರು. ಸಾಮಾನ್ಯವಾಗಿ ಬೇಸ್ ಅಂದ್ರೆ ಡ್ರಮ್ಸ್ ಜೊತೆ ಕೆಳಗೆ ಗುಮ್ ಗುಮ್ ಅಂತಿರಬೇಕು, ಅಲ್ವಾ? ಇವರು ಆ ಮಾತು ಕೇಳೋದಿಲ್ಲ. ಪಿಟೀಲಿನವರ ಹಾಗೆ ರಾಗದ ಎಳೆಯನ್ನೇ ಹಿಡಿದು ಮೇಲೆ ಹತ್ತಿಬಿಡ್ತಾರೆ. ಗಿಟಾರಿಸ್ಟ್ ಇದ್ದಿದ್ದರೆ ಆ ಜಾಗವೇ ಅವರಿಗೆ ಸಿಗುತ್ತಿರಲಿಲ್ಲ. (ಅಮೆರಿಕದ ಹಿಪ್‌ಹಾಪ್ ಕಲಾವಿದ ಡಿಜೆ ಶ್ಯಾಡೋ 1996ರ ತನ್ನ ಹೆಸರುವಾಸಿ ಆಲ್ಬಂನಲ್ಲಿ ಪೊಹ್ಯೋಲಾ ಅವರ 1977ರ ಸೋಲೋ ಆಲ್ಬಂನಿಂದ ಒಂದು ತುಣುಕು ಎತ್ತಿಕೊಂಡಿದ್ದಾನೆ. ಹಿಪ್‌ಹಾಪ್ ಕೇಳೋರಾದರೆ, ನಿಮಗೇ ಗೊತ್ತಿಲ್ಲದೆ ಇವರ ಸಂಗೀತ ಕೇಳಿರಬಹುದು.)

ಇನ್ನು ‘ರಾಕ್ ಹೌದೋ ಅಲ್ಲವೋ’ ಅನ್ನೋ ಮಾತು. ಗಿಟಾರ್ ಇದ್ದರೆ ಮಾತ್ರ ರಾಕ್ ಅನ್ನೋ ನಿಯಮವನ್ನ ಆ ಕಾಲದವರೇ ಮುರಿದಿದ್ದರು. ಇಂಗ್ಲೆಂಡಿನಲ್ಲಿ ಎಗ್ ಅನ್ನೋ ಮೂವರ ಬ್ಯಾಂಡು ಆರ್ಗನ್, ಬೇಸ್, ಡ್ರಮ್ಸ್ ಇಟ್ಟುಕೊಂಡೇ ನಡೆಸಿತು. ಡ್ರಮ್ಸಿನ ಒದೆತ, ಜೋರು, ಪಟ್ಟು ಬಿಡದ ಲಯ ಇದ್ದರೆ ನನಗೆ ಅದು ರಾಕ್. ‘ಬೀಯಿಂಗ್’ನಲ್ಲಿ ಇವೆಲ್ಲ ಇವೆ. ಪಕ್ಕದಲ್ಲೇ ಜಾಝ್ ಇದೆ, ಚರ್ಚಿನ ಹಾಡಿನ ಗತ್ತೂ ಇದೆ.

ವಿಚಿತ್ರ ಅನ್ನಿಸೋಕೆ ಇನ್ನೊಂದು ಕಾರಣ ಹಾಡುಗಳ ಹೆಸರು: ಪ್ರೊಲೆಟೇರಿಯನ್ (ಕಾರ್ಮಿಕ), ಪೆಟಿ ಬೂರ್ಜ್ವಾ (ಸಣ್ಣ ಆಸ್ತಿವಂತ), ಪೆಡಗಾಗ್ (ಮೇಷ್ಟ್ರು), ಪ್ರಾಫೆಟ್ (ಪ್ರವಾದಿ). ಸಮಾಜದಲ್ಲಿರೋ ಒಂದೊಂದು ಥರದ ಜನ ಸಾಲಾಗಿ ಬಂದು ಹೋಗ್ತಾರೆ. 70ರ ದಶಕದ ಫಿನ್ಲೆಂಡಿನಲ್ಲಿ ಎಡಪಂಥೀಯ ವಿದ್ಯಾರ್ಥಿ ಚಳವಳಿ, ಅದರ ಹೋರಾಟದ ಹಾಡುಗಳು ಜೋರಾಗಿದ್ದವು. ವಿಗ್‌ವ್ಯಾಮ್‌ನ ರೆಕಾರ್ಡ್ ತಂದ ಲವ್ ರೆಕಾರ್ಡ್ಸ್ ಅನ್ನೋ ಹೆಲ್ಸಿಂಕಿಯ ಕಂಪನಿಯೇ ಆ ಹೋರಾಟದ ಹಾಡುಗಳನ್ನೂ ತರುತ್ತಿತ್ತು. ಆದರೆ ‘ಬೀಯಿಂಗ್’ ಘೋಷಣೆ ಕೂಗೋದಿಲ್ಲ. ಕಾರ್ಮಿಕನಿಂದ ಪ್ರವಾದಿಯವರೆಗೆ ಎಲ್ಲರನ್ನೂ ಕುತೂಹಲದಿಂದ ನೋಡುತ್ತೆ, ಸ್ವಲ್ಪ ಕಾಲೂ ಎಳೆಯುತ್ತೆ. ಸಾಹಿತ್ಯ ಕೆಲವು ಕಡೆ ಅತಿಯಾಯಿತು ಅಂತ ನನಗನ್ನಿಸುತ್ತೆ. ಅರ್ಥ ಹಿಡಿಯೋಕೆ ಒದ್ದಾಡಬೇಡಿ, ಸುಮ್ನೆ ದನಿ ಕೇಳಿ.

ಮುಂದೇನಾಯಿತು ಅನ್ನೋದೂ ನಿಮ್ಮ ಪ್ರಶ್ನೆಗೆ ಸೇರಿದ್ದೇ. ಅದೇ ವರ್ಷ ಗುಸ್ತಾವ್‌ಸನ್, ಪೊಹ್ಯೋಲಾ ಇಬ್ಬರೂ ಬ್ಯಾಂಡ್ ಬಿಟ್ಟರು. ಪೆಕ್ಕಾ ರೆಕಾರ್ಡ್ಟ್ ಅನ್ನೋ ಗಿಟಾರಿಸ್ಟ್ ಬಂದರು. 1975ರಲ್ಲಿ ‘ನ್ಯೂಕ್ಲಿಯರ್ ನೈಟ್‌ಕ್ಲಬ್’ ಬಂತು. ಹಾಡುಗಳು ಚಿಕ್ಕದಾದವು, ಹಗುರಾದವು. ಇಂಗ್ಲೆಂಡಿನ ವರ್ಜಿನ್ ಕಂಪನಿ ಅದನ್ನ ಹೊರದೇಶಗಳಿಗೂ ಮುಟ್ಟಿಸಿತು. ಒಳ್ಳೇ ಆಲ್ಬಂ, ಅನುಮಾನವೇ ಇಲ್ಲ. ಆದರೆ ಅಂಥದ್ದನ್ನ ಬೇರೆಯವರೂ ಮಾಡಬಲ್ಲರು, ‘ಬೀಯಿಂಗ್’ ಮಾಡೋಕೆ ಆಗೋಲ್ಲ.

ಇನ್ನೊಮ್ಮೆ ಕೇಳೋದಾದರೆ ಸುಮಾರು ಒಂಬತ್ತು ನಿಮಿಷದ ‘ಪೆಡಗಾಗ್’ ಒಂದನ್ನೇ ಹಾಕಿ. ಮೊದಲ ಸಲ ಬೇಸ್ ಹಿಂದೆ ಮಾತ್ರ ಹೋಗಿ, ಆಮೇಲೆ ಆರ್ಗನ್ ಹಿಂದೆ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಬೇಸ್ ಪೂರ್ತಿ ಸತ್ತುಹೋಗುತ್ತೆ.