ಮೂತಿ ಕುಸಿದರೆ ಆಯಿಲ್ ಏನು ಮಾಡೀತು?

ಬ್ರೇಕ್ ಹಿಡಿದ ಕೂಡಲೇ ಹಳೆಯ ಮೋಟಾರ್‌ಸೈಕಲ್ಲಿನ ಮೂತಿ ದಡಕ್ಕನೆ ಕುಸಿಯುತ್ತದೆ. ಯಾರನ್ನು ಕೇಳಿದರೂ ಉತ್ತರ ಒಂದೇ: "ಮಂದ ಆಯಿಲ್ ಹಾಕಿಸಿ, ಫೋರ್ಕ್ ಗಟ್ಟಿಯಾಗುತ್ತೆ." ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ, ಕುಗ್ಗಿ ಹಿಗ್ಗುವ ಜೋಡಿ ಕಾಲು. ಈ ಸಲಹೆ ಕೇಳಿ ಕೇಳಿ ನನಗೆ ಸಾಕಾಗಿದೆ. ಆಯಿಲ್ ಗಾಡಿಯ ಭಾರ ಹೊರುವುದೇ ಇಲ್ಲ. ಅದು ಎಷ್ಟೇ ಮಂದವಾಗಿದ್ದರೂ ನಿಂತ ಗಾಡಿಯ ಮೂತಿಯನ್ನು ಒಂದು ಮಿಲಿಮೀಟರ್ ಕೂಡ ಎತ್ತಿ ಹಿಡಿಯಲಾರದು. ಕುಸಿಯುವುದನ್ನು ಸ್ವಲ್ಪ ತಡ ಮಾಡುತ್ತದೆ, ಅಷ್ಟೇ.

ಫೋರ್ಕಿನ ಒಂದೊಂದು ಕಾಲಿನೊಳಗೂ ಮೂರು ಸಂಗತಿಗಳಿವೆ. ಸ್ಪ್ರಿಂಗ್, ಆಯಿಲ್, ಆಯಿಲ್ ಮೇಲೆ ಸಿಕ್ಕಿಕೊಂಡ ಗಾಳಿ. ಫೋರ್ಕ್ ಎಷ್ಟು ಕುಗ್ಗಿದೆ ಎಂಬುದಕ್ಕೆ ಸ್ಪ್ರಿಂಗ್ ಉತ್ತರ ಕೊಡುತ್ತದೆ. ಎಷ್ಟು ವೇಗವಾಗಿ ಕುಗ್ಗುತ್ತಿದೆ ಎಂಬುದಕ್ಕೆ ಆಯಿಲ್ ಉತ್ತರ ಕೊಡುತ್ತದೆ. ಗಾಳಿ ತನ್ನ ಬಲ ತೋರಿಸುವುದು ಕೊನೆಯ ಕೆಲವು ಸೆಂಟಿಮೀಟರ್‌ಗಳಲ್ಲಿ. ಈ ಮೂರರ ಲೆಕ್ಕವನ್ನೂ ಬರೆದಿಟ್ಟವರು 17ನೇ ಶತಮಾನದವರು. ಮೋಟಾರ್‌ಸೈಕಲ್ ಹಾಗಿರಲಿ, ಸೈಕಲ್ ಕೂಡ ಇಲ್ಲದ ಕಾಲ ಅದು.

ಸ್ಪ್ರಿಂಗ್ ಲೆಕ್ಕ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್‌ನದು. ಎಷ್ಟು ಎಳೆದರೆ ಅಷ್ಟು ಬಲ ಎಂಬ ತನ್ನ ನಿಯಮವನ್ನು ಅವನು 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಾಗಿ ಅಚ್ಚು ಹಾಕಿಸಿದ. 1678ರಲ್ಲಿ ತಾನೇ ಬಿಡಿಸಿ ಹೇಳಿದ. ಈ ನಿಯಮ ಗೊತ್ತಿದ್ದರೆ ಇನ್ನೊಂದು ತಪ್ಪು ನಂಬಿಕೆಯೂ ಕರಗುತ್ತದೆ: ಪ್ರಿಲೋಡ್, ಅಂದರೆ ಜೋಡಿಸುವಾಗಲೇ ಸ್ಪ್ರಿಂಗನ್ನು ಒತ್ತಿಡುವ ಅಳತೆ, ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು.

ಲೆಕ್ಕ ಹಾಕಿ ನೋಡೋಣ. ಎರಡೂ ಕಾಲಿನ ಸ್ಪ್ರಿಂಗ್‌ಗಳು ಸೇರಿ ಒಂದು ಮಿಲಿಮೀಟರ್ ಕುಗ್ಗಲು 1.4 ಕೆಜಿ ಬೇಕು ಅಂದುಕೊಳ್ಳಿ. ಸವಾರನೂ ಸೇರಿ ಮುಂಭಾಗದ ಮೇಲೆ 70 ಕೆಜಿ ಭಾರವಿದೆ. ಆಗ ಸ್ಪ್ರಿಂಗ್ 50 ಮಿ.ಮೀ. ಕುಗ್ಗಲೇಬೇಕು. ಫೋರ್ಕಿನ ಮೇಲ್ತುದಿಯ ಕ್ಯಾಪ್ ಬಿಗಿ ಮಾಡುವಾಗಲೇ ಅದನ್ನು 15 ಮಿ.ಮೀ. ಒತ್ತಿಟ್ಟಿದ್ದರೆ ಮೂತಿ ಇಳಿಯುವುದು 35 ಮಿ.ಮೀ. ಕ್ಯಾಪ್‌ಗೂ ಸ್ಪ್ರಿಂಗಿಗೂ ನಡುವೆ ಇಡುವ ತುಂಡನ್ನು (ಸ್ಪೇಸರ್) ಉದ್ದದ್ದು ಹಾಕಿ 25 ಮಿ.ಮೀ. ಒತ್ತಿಟ್ಟರೆ ಇಳಿಯುವುದು 25. ಸರಿ, ಮೂತಿ 10 ಮಿ.ಮೀ. ಮೇಲೆ ಬಂತು. ಆದರೆ ಬ್ರೇಕ್ ಹಿಡಿದಾಗ ಇನ್ನೂ 14 ಕೆಜಿ ಬಂದು ಬಿದ್ದರೆ? ಎರಡರಲ್ಲೂ ಫೋರ್ಕ್ ಮತ್ತೆ 10 ಮಿ.ಮೀ. ಕುಗ್ಗುತ್ತದೆ. ಗಟ್ಟಿತನ ಒಂದಿಷ್ಟೂ ಬದಲಾಗಿಲ್ಲ.

ಗಟ್ಟಿತನ ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ಸ್ಪ್ರಿಂಗಿನ ತಂತಿ ಶೇ. 10ರಷ್ಟು ದಪ್ಪವಾದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಗಟ್ಟಿತನ ಶೇ. 46ರಷ್ಟು ಏರುತ್ತದೆ. ಯಾಕೆಂದರೆ ಅದು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುವಂಥದ್ದು. ಇನ್ನು "ಸ್ಪ್ರಿಂಗ್ ಮೆತ್ತಗಾಗಿದೆ" ಅನ್ನುವ ಮಾತು. ಉಕ್ಕು ಹಳೆಯದಾದ ಮಾತ್ರಕ್ಕೆ ಮೆತ್ತಗಾಗುವುದಿಲ್ಲ. ಸ್ಪ್ರಿಂಗ್ ಗಿಡ್ಡವಾಗುತ್ತದೆ. ಅದಕ್ಕೇ ಮ್ಯಾನ್ಯುವಲ್‌ನಲ್ಲಿ ಸ್ಪ್ರಿಂಗಿನ ಉದ್ದಕ್ಕೆ ಒಂದು ಮಿತಿ ಕೊಟ್ಟಿರುತ್ತಾರೆ. ಹೊರಗೆ ತೆಗೆದಾಗ ಟೇಪ್ ಹಿಡಿದು ಅಳೆಯಿರಿ.

ಈಗ ಆಯಿಲ್‌ಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಹಳೆಯ ಫೋರ್ಕ್‌ಗಳಲ್ಲಿ ಸಾಮಾನ್ಯವಾಗಿ ಡ್ಯಾಂಪರ್ ರಾಡ್ ಇರುತ್ತದೆ. ರಾಡ್ ಅಂದರೂ ಅದು ಟೊಳ್ಳು ಕೊಳವೆ. ಮೈಮೇಲೆ ಕೆಲವು ತೂತುಗಳು. ಫೋರ್ಕ್ ಕುಗ್ಗುವಾಗ ಆಯಿಲ್ ದೊಡ್ಡ ತೂತುಗಳಿಂದ ನುಗ್ಗುತ್ತದೆ, ಮರಳುವಾಗ ಸಣ್ಣ ತೂತಿನಿಂದ. ಮರಳುವಾಗಲೇ ತಡೆ ಜಾಸ್ತಿ ಬೇಕು, ಯಾಕೆಂದರೆ ಕುಗ್ಗಿದ ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನೆಲ್ಲ ಆಗ ಹೊರಗೆ ಹಾಕುತ್ತದೆ. ಆಯಿಲ್ ಆ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಆಯಿಲ್ ಇಲ್ಲದಿದ್ದರೆ ಮೂತಿ ಏಳುತ್ತಾ ಬೀಳುತ್ತಾ ಇರುತ್ತದೆ.

ನೀರು ತುಂಬಿದ ಸಿರಿಂಜನ್ನು ಮೆಲ್ಲಗೆ ಒತ್ತಿ ನೋಡಿ. ಸುಲಭ. ಜೋರಾಗಿ ಒತ್ತಿದರೆ ಬೆರಳೇ ನೋಯುತ್ತದೆ. ಇದರ ಹಿಂದಿನ ಲೆಕ್ಕ ಇಟಲಿಯ ವಿಜ್ಞಾನಿ ಟೊರಿಸೆಲ್ಲಿಯದು. ತೊಟ್ಟಿಯ ತೂತಿನಿಂದ ನೀರು ಎರಡರಷ್ಟು ವೇಗವಾಗಿ ಚಿಮ್ಮಬೇಕಾದರೆ ನೀರಿನ ಎತ್ತರ ನಾಲ್ಕರಷ್ಟಾಗಬೇಕು ಎಂದು ಅವನು 1644ರಲ್ಲಿ ಪ್ರಕಟಿಸಿದ. ಅದನ್ನೇ ತಿರುಗಿಸಿ ಓದಿ. ಆಯಿಲನ್ನು ತೂತಿನಿಂದ ಎರಡರಷ್ಟು ವೇಗವಾಗಿ ನೂಕಲು ನಾಲ್ಕರಷ್ಟು ಒತ್ತಡ ಬೇಕು. ಮೂರರಷ್ಟು ವೇಗಕ್ಕೆ ಒಂಬತ್ತರಷ್ಟು.

ಹಳೆಯ ಫೋರ್ಕಿನ ಎಲ್ಲ ಗುಣವೂ ಎಲ್ಲ ದೋಷವೂ ಈ ಒಂದು ಸಾಲಿನಲ್ಲಿದೆ. ಬ್ರೇಕ್ ಹಿಡಿದಾಗ ಮೂತಿ ದಡಕ್ಕನೆ ಕುಸಿದಂತೆ ಕಂಡರೂ ಗುಂಡಿಯ ಹೊಡೆತಕ್ಕೆ ಹೋಲಿಸಿದರೆ ಫೋರ್ಕ್ ನಿಧಾನವಾಗಿಯೇ ಕುಗ್ಗುತ್ತದೆ, ಆಗ ತೂತುಗಳಿಂದ ತಡೆಯೇ ಇಲ್ಲವೆನ್ನುವಷ್ಟು ಕಡಿಮೆ. ಚೂಪು ಅಂಚಿನ ಗುಂಡಿಗೆ ಬಿದ್ದಾಗ ಫೋರ್ಕ್ ಮಿಂಚಿನ ವೇಗದಲ್ಲಿ ಕುಗ್ಗಬೇಕು, ಆಗ ಅದೇ ತೂತು ಮುಚ್ಚಿದಂತಾಗಿ ಹೊಡೆತ ನೇರ ಕೈಗೆ ಬರುತ್ತದೆ. ಮೆತ್ತಗೂ ಇದೆ, ಒರಟೂ ಆಗಿದೆ. ಒಂದೇ ಫೋರ್ಕ್ ಎರಡೂ ಆಗಿರುವುದು ಹೇಗೆ ಎಂದು ಸವಾರರು ತಲೆ ಕೆಡಿಸಿಕೊಳ್ಳುತ್ತಾರೆ. ಹೀಗೇ.

ಮಂದ ಆಯಿಲ್ ಹಾಕಿದರೆ ಏನಾಗುತ್ತದೆ? ಮಂದತನದ ಪ್ರಭಾವ ಹೆಚ್ಚಾಗಿ ಕಾಣುವುದು ಸಣ್ಣ ತೂತು, ಸಂದಿಗಳಲ್ಲಿ. ಹಾಗಾಗಿ ಮರಳುವ ಚಲನೆ ತೀರಾ ನಿಧಾನವಾಗುತ್ತದೆ. ಸಾಲು ಸಾಲು ಉಬ್ಬುಗಳ ಮೇಲೆ ಹೋಗುವಾಗ ಮೊದಲ ಉಬ್ಬಿಗೆ ಕುಗ್ಗಿದ ಫೋರ್ಕ್ ಪೂರ್ತಿ ಮೇಲೆ ಬರುವ ಮೊದಲೇ ಎರಡನೆಯದು ಬರುತ್ತದೆ, ಆಮೇಲೆ ಮೂರನೆಯದು. ಪ್ರತಿ ಸಲ ಮೂತಿ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ. ಕುಸಿಯಬಾರದು ಎಂದು ಹಾಕಿದ ಆಯಿಲೇ ಕುಸಿಯುವಂತೆ ಮಾಡಿತು, ಅಲ್ವಾ?

ಆಯಿಲ್ ಡಬ್ಬಿಯ ಮೇಲಿನ 10ಡಬ್ಲ್ಯೂ, 15ಡಬ್ಲ್ಯೂ ಅಂಕಿಗಳನ್ನೂ ಪೂರ್ತಿ ನಂಬಬೇಡಿ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರದ್ದಕ್ಕೆ ಸಮ ಇರಬೇಕೆಂದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಮಂದತನದ ಅಳತೆ) ಎಂಬ ಅಂಕಿ ನೋಡಿ ಹೋಲಿಸಿ.

ಆಯಿಲ್‌ನಿಂದಲೇ ತಡೆಯಬೇಕು ಎಂಬುದು ಗಾಡಿ ಕಟ್ಟುವವರಿಗೂ ಮೊದಲಿಂದ ಹೊಳೆದಿದ್ದಲ್ಲ. ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಫೋರ್ಕ್ ಇಂಗ್ಲೆಂಡಿನ ಸ್ಕಾಟ್ ಗಾಡಿಯಲ್ಲಿ 1908ರಲ್ಲೇ ಇತ್ತು, ಆದರೆ ಡ್ಯಾಂಪಿಂಗ್, ಅಂದರೆ ಕುಣಿತ ತಡೆಯುವ ಏರ್ಪಾಡು, ಇರಲಿಲ್ಲ. ಆಮೇಲೆ ಬಹುಕಾಲ ಕೊಳವೆ ಜಾರುವ ಬದಲು ಕೊಂಡಿಗಳ ಮೇಲೆ ಆಡುವ ಗರ್ಡರ್ ಫೋರ್ಕ್‌ಗಳದ್ದೇ ಕಾಲ. ಅವುಗಳಲ್ಲಿ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತಿ ಉಜ್ಜಿಸಿ ಕುಣಿತ ತಡೆಯುತ್ತಿದ್ದರು. ಡೆನ್ಮಾರ್ಕಿನ ನಿಂಬಸ್ 1934ರಲ್ಲಿ ಟೆಲಿಸ್ಕೋಪಿಕ್ ಫೋರ್ಕ್ ತಂದಿತು, ಅದರಲ್ಲೂ ಆಗ ಆಯಿಲ್ ಡ್ಯಾಂಪಿಂಗ್ ಇರಲಿಲ್ಲ. ಮರುವರ್ಷ, 1935ರಲ್ಲಿ, ಬಿಎಂಡಬ್ಲ್ಯೂ ಆರ್12 ಆಯಿಲ್ ಡ್ಯಾಂಪಿಂಗ್ ಇರುವ ಟೆಲಿಸ್ಕೋಪಿಕ್ ಫೋರ್ಕ್ ಹೊತ್ತು ಮಾರುಕಟ್ಟೆಗೆ ಬಂತು. ಬಿಲ್ಲೆಗಳ ಘರ್ಷಣೆಗೆ ವೇಗದ ಪರಿವೆಯೇ ಇರುವುದಿಲ್ಲ. ಸಣ್ಣ ಅಲುಗಾಟಕ್ಕೂ ದೊಡ್ಡ ಹೊಡೆತಕ್ಕೂ ಅದೇ ತಡೆ. ಆಯಿಲ್ ಗೆದ್ದಿದ್ದು ಅದಕ್ಕೇ.

ಮೂರನೆಯದು ಗಾಳಿ. ಗಾಳಿಯೂ ಸ್ಪ್ರಿಂಗೇ ಎಂದು ತೋರಿಸಿದವನು ರಾಬರ್ಟ್ ಬಾಯ್ಲ್. ಅವನ ಗಾಳಿ ಪಂಪು ಕಟ್ಟಿಕೊಟ್ಟ ಸಹಾಯಕ ಯಾರು ಗೊತ್ತೇ? ಅದೇ ರಾಬರ್ಟ್ ಹುಕ್. ಗುರುವಿನ ಸ್ಪ್ರಿಂಗೂ ಶಿಷ್ಯನ ಸ್ಪ್ರಿಂಗೂ ಒಂದೇ ಕೊಳವೆಯೊಳಗೆ ಒಂದರ ಪಕ್ಕ ಒಂದು ಕೆಲಸ ಮಾಡುತ್ತಿವೆ ಎಂದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಜಾಗ ಅರ್ಧವಾದರೆ ಒತ್ತಡ ಎರಡರಷ್ಟು ಎಂಬುದು ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. 35 ಮಿ.ಮೀ. ದಪ್ಪದ ಕೊಳವೆ, 130 ಮಿ.ಮೀ. ಓಟದ (ಅಂದರೆ ಒಟ್ಟು ಅಷ್ಟು ಕುಗ್ಗಬಲ್ಲ) ಫೋರ್ಕ್ ತೆಗೆದುಕೊಳ್ಳಿ. ಪೂರ್ತಿ ಕುಗ್ಗಿಸಿದಾಗ ಆಯಿಲ್ ಮೇಲೆ 150 ಮಿ.ಮೀ. ಗಾಳಿ ಉಳಿಯುವಂತೆ ತುಂಬಿದರೆ, ತಳ ಮುಟ್ಟುವ ಹೊತ್ತಿಗೆ ಗಾಳಿ ಒಂದು ಕಾಲಿಗೆ ಸುಮಾರು 8 ಕೆಜಿ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಆಯಿಲ್ ಏರಿಸಿ ಗಾಳಿಯನ್ನು 90 ಮಿ.ಮೀ.ಗೆ ಇಳಿಸಿದರೆ ಸುಮಾರು 14 ಕೆಜಿ. ಆದರೆ ಅರ್ಧ ಓಟದಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಬರೀ ಒಂದು ಕೆಜಿಯಷ್ಟು. ಅಂದರೆ ಸಣ್ಣ ಉಬ್ಬುಗಳಿಗೆ ಹೆಚ್ಚೇನೂ ಗೊತ್ತಾಗದು, ತಳ ಬಡಿಯುವುದು ಮಾತ್ರ ತಪ್ಪುತ್ತದೆ. ಗಬಕ್ಕನೆ ಒತ್ತಿದಾಗ ಗಾಳಿ ಬಿಸಿಯಾಗಿ ಬಲ ಇನ್ನೂ ಸ್ವಲ್ಪ ಏರುತ್ತದೆ. ಹಾಗೆಂದು ಸಿಕ್ಕಾಪಟ್ಟೆ ತುಂಬಬೇಡಿ. ಗಾಳಿಗೆ ಜಾಗವೇ ಇಲ್ಲದಿದ್ದರೆ ಸೋರದಂತೆ ತಡೆಯುವ ರಬ್ಬರ್ ಸೀಲನ್ನೇ ಕಿತ್ತುಕೊಂಡು ಆಯಿಲ್ ಹೊರಗೆ ಬರುತ್ತದೆ.

ಹಾಗಾಗಿ "ಒಂದು ಕಾಲಿಗೆ ಇಷ್ಟು ಮಿಲಿಲೀಟರ್" ಎಂದು ಅಳೆದು ಸುರಿದರೆ ಸಾಲದು. ಹಳೆಯ ಆಯಿಲ್ ಒಳಗೆ ಎಷ್ಟು ಅಂಟಿಕೊಂಡಿದೆಯೋ ಹೇಳಲಾಗದು. ಸ್ಪ್ರಿಂಗ್ ಹೊರಗಿಡಿ, ಫೋರ್ಕ್ ಪೂರ್ತಿ ಕುಗ್ಗಿಸಿ, ಆಯಿಲ್ ಸುರಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ಗುಳ್ಳೆ ಬಿಡಿಸಿ. ಸ್ವಲ್ಪ ಹೊತ್ತು ಬಿಟ್ಟು ಕೊಳವೆಯ ಬಾಯಿಯಿಂದ ಆಯಿಲ್‌ವರೆಗಿನ ಆಳ ಅಳೆಯಿರಿ. ಎರಡೂ ಕಾಲಿನಲ್ಲಿ ಆಳ ಒಂದೇ ಇರಬೇಕು. ಕ್ಯಾಪ್ ಬಿಚ್ಚುವಾಗ ಜೋಪಾನ. ಮುಂದಿನ ಚಕ್ರ ನೆಲ ಬಿಟ್ಟಿರಲಿ, ಏರ್ ವಾಲ್ವ್ ಇದ್ದರೆ ಮೊದಲು ಗಾಳಿ ಬಿಡಿ. ಒತ್ತಿಟ್ಟ ಸ್ಪ್ರಿಂಗ್ ಕ್ಯಾಪನ್ನು ಮುಖಕ್ಕೇ ಹಾರಿಸಬಲ್ಲದು. ಹೊರಬಂದ ಆಯಿಲ್ ಬೂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದರೆ ಅದರಲ್ಲಿ ಸವೆದ ಲೋಹದ ಪುಡಿ ಇದೆ. ಸುಮ್ನೆ ಬದಲಿಸಿ ಮುಚ್ಚಿಬಿಡಬೇಡಿ, ಕೊಳವೆಗಳ ನಡುವೆ ಜಾರುವ ಬಳೆಗಳನ್ನು (ಬುಷ್) ನೋಡಿ.

ಸೀಲ್ ಸೋರುತ್ತಿದ್ದರೆ ಹೊಸದು ಹಾಕುವ ಮೊದಲು ಕೊಳವೆಯ ಮೇಲೆ ಉಗುರು ಆಡಿಸಿ. ತುಕ್ಕು ತಿಂದ ಚುಕ್ಕೆಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ಅಲ್ಲೇ ಹರಿಯುತ್ತದೆ. ಸೋರಿದ ಆಯಿಲ್ ಬ್ರೇಕಿಗೆ ಇಳಿದರೆ ಅಪಾಯ. ಇದನ್ನು ಮುಂದೂಡಬೇಡಿ.

ಕೊನೆಗೆ ಸವಾರ ಕೂತಾಗ ಮೂತಿ ಎಷ್ಟು ಇಳಿಯುತ್ತದೆ ಎಂದು ಅಳೆಯಬೇಕು. ರಸ್ತೆಯ ಗಾಡಿಗೆ ಒಟ್ಟು ಓಟದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದರೆ ಸರಿ. ಎರಡು ಸಲ ಅಳೆಯಿರಿ. ಒಮ್ಮೆ ಮೂತಿಯನ್ನು ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು, ಇನ್ನೊಮ್ಮೆ ಮೇಲೆ ಎತ್ತಿ ಮೆಲ್ಲಗೆ ಬಿಟ್ಟು. ಎರಡರ ಸರಾಸರಿ ನಿಮ್ಮ ಅಂಕಿ. ಎರಡರ ನಡುವಿನ ವ್ಯತ್ಯಾಸ ಒಳಗಿನ ಘರ್ಷಣೆ. ಗರ್ಡರ್ ಫೋರ್ಕಿನ ಬಿಲ್ಲೆಗಳು ಹೋದರೂ ಘರ್ಷಣೆ ಪೂರ್ತಿ ಹೋಗಿಲ್ಲ ನೋಡಿ. ಆ ವ್ಯತ್ಯಾಸ ಎರಡು ಸೆಂಟಿಮೀಟರ್ ದಾಟಿದರೆ ಯಾವ ಆಯಿಲೂ ಉಪಯೋಗಕ್ಕೆ ಬರದು. ಆಕ್ಸಲ್ ಹಿಡಿಯುವ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ಫೋರ್ಕನ್ನು ನಾಲ್ಕಾರು ಸಲ ಒತ್ತಿ ಬಿಡಿ. ಎರಡು ಕಾಲುಗಳೂ ಒಂದಕ್ಕೊಂದು ನೇರವಾಗಿ ಕೂತ ಮೇಲೆ ಮ್ಯಾನ್ಯುವಲ್ ಹೇಳಿದ ಕ್ರಮದಲ್ಲಿ ಬಿಗಿ ಮಾಡಿ, ಮತ್ತೆ ಅಳೆಯಿರಿ. ಆಗಲೂ ವ್ಯತ್ಯಾಸ ಇಳಿಯದಿದ್ದರೆ ಕೊಳವೆಗಳನ್ನು ಬಿಚ್ಚಿ ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ. ಬಾಗಿದ್ದರೆ ಅಲ್ಲೇ ಕಾಣುತ್ತದೆ.