ಹಳೇ ಟರ್ಬೋ ಆಕ್ಟೇವಿಯಾ ಮನೆಗೆ ಬಂತು, ಈಗ ಇಂಜಿನ್ ಬಿಚ್ಚಬೇಕಾ?

ಪ್ರಶ್ನೆ: ಸರ್, ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಡಿಮೆ ರೇಟಿಗೆ ಸಿಕ್ಕಿತು, ತಗೊಂಡೆ. ಪಿಕಪ್ ಇಲ್ಲ, ನಿಂತಲ್ಲಿ ಆರ್‌ಪಿಎಂ ಏರುತ್ತೆ ಇಳಿಯುತ್ತೆ, ಇಂಜಿನ್ ಲೈಟ್ ಉರೀತಾನೇ ಇರುತ್ತೆ. ಗ್ಯಾರೇಜಿನವರು ಇಂಜಿನ್ ಇಳಿಸಬೇಕು ಅಂತಾರೆ. ಗೆಳೆಯರು ರೀಮ್ಯಾಪ್ ಮಾಡಿಸು, ಎಲ್ಲಾ ಸರಿಹೋಗುತ್ತೆ ಅಂತಾರೆ. ನನಗೆ ಮನೆಯಲ್ಲೇ ಮಾಡ್ಕೊಳೋ ಆಸೆ. ಎಲ್ಲಿಂದ ಶುರು ಮಾಡಲಿ?

ಇಂಜಿನ್ ಬಿಚ್ಚಬೇಡಿ. ರೀಮ್ಯಾಪ್, ಅಂದರೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸೋದು, ಅದೂ ಈಗ ಬೇಡ.

ಈ ಕಾರಲ್ಲಿ ಇರೋದು 1781 ಸಿಸಿಯ ಟರ್ಬೋ ಪೆಟ್ರೋಲ್ ಇಂಜಿನ್. ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಐದು ವಾಲ್ವ್, ಒಟ್ಟು 20. ಬ್ಲಾಕ್ ಗಟ್ಟಿ ಬೀಡು ಕಬ್ಬಿಣದ್ದು. ಇದೇ ಕುಟುಂಬದ ಇಂಜಿನ್ನಿನಿಂದ ಆಡಿ ಟಿಟಿಯಲ್ಲಿ ಕಂಪನಿಯವರೇ 225 ಕುದುರೆ ಶಕ್ತಿ ತೆಗೆದಿದ್ದಾರೆ, ನಮ್ಮಲ್ಲಿ ಬಂದ ಆರ್‌ಎಸ್‌ಗೆ ಕೊಟ್ಟದ್ದು 150. ಅಂದರೆ ಒಳಗಿನ ಲೋಹದ ಭಾಗಗಳಿಗೆ ಅಂಥ ಕಷ್ಟವೇನೂ ಆಗಿಲ್ಲ. ಇಪ್ಪತ್ತು ವರ್ಷ ಬಾನೆಟ್ ಕೆಳಗಿನ ಬಿಸಿಯಲ್ಲಿ ಬೆಂದು ಹೋಗಿರೋದು ರಬ್ಬರು, ಪ್ಲಾಸ್ಟಿಕ್ಕು ಮತ್ತು ವೈರು. ನೀವು ಹೇಳಿದ ಮೂರೂ ಲಕ್ಷಣ ಈ ಮೂರರಿಂದಲೇ ಬರಬಹುದು.

ಹಾಗಾಗಿ ಮೊದಲ ಖರ್ಚು ಸ್ಪ್ಯಾನರ್ ಸೆಟ್‌ಗಲ್ಲ, ವಿಸಿಡಿಎಸ್ ಕೇಬಲ್‌ಗೆ. ಇದು ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳನ್ನು ಲ್ಯಾಪ್‌ಟಾಪ್‌ನಿಂದ ಓದುವ ಸಾಧನ. ಸಾಮಾನ್ಯ ಬ್ಲೂಟೂತ್ ಸ್ಕ್ಯಾನರ್ ದೋಷದ ಕೋಡ್ ಮತ್ತು ಕೆಲವೇ ಲೆಕ್ಕ ತೋರಿಸಿ ಸುಮ್ಮನಾಗುತ್ತದೆ. ಇದರಲ್ಲಿ ಇಂಜಿನ್ ಓಡುತ್ತಿರುವಾಗಲೇ ಒಳಗಿನ ಲೆಕ್ಕಗಳನ್ನೆಲ್ಲ ನಂಬರ್ ಹಾಕಿದ ಗುಂಪುಗಳಾಗಿ ನೋಡಬಹುದು, ಮತ್ತು ಅರ್ಧ ರಿಪೇರಿ ಅಲ್ಲೇ ಇರುತ್ತದೆ. 32ನೇ ಗುಂಪು ತೆಗೆಯಿರಿ. ಅಲ್ಲಿ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡಿಕೊಂಡಿದೆ ಅಂತ ಎರಡು ಸಂಖ್ಯೆ ಇರುತ್ತವೆ, ಒಂದು ಐಡಲ್‌ಗೆ (ಕಾರು ನಿಂತು ಇಂಜಿನ್ ಮಾತ್ರ ತಿರುಗುವಾಗ), ಇನ್ನೊಂದು ಓಡುವಾಗಿನದು. ಐಡಲ್ ಸಂಖ್ಯೆ ಪ್ಲಸ್ ಕಡೆ ಜಾಸ್ತಿ ಹೋಗಿದ್ದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ, ಯಾವುದೋ ವ್ಯಾಕ್ಯೂಮ್ ಪೈಪ್ ಒಡೆದಿದೆ. ಐಡಲ್ ಸರಿ ಇದ್ದು ಓಡುವಾಗಿನದು ಮಾತ್ರ ಪ್ಲಸ್ ಹತ್ತರ ಹತ್ತಿರ ಹೋಗಿದ್ದರೆ ಅನುಮಾನ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮೇಲೆ, ಇಲ್ಲವೇ ಫ್ಯೂಯಲ್ ಪಂಪ್ ಮತ್ತು ಫಿಲ್ಟರ್ ಮೇಲೆ.

ಆ ಸೆನ್ಸರ್ ಪರೀಕ್ಷೆಗೆ 3ನೇ ಗುಂಪು. ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿಯಲು ಒಬ್ಬರನ್ನು ಕೂರಿಸಿಕೊಂಡು, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ರೆಡ್‌ಲೈನ್ ಹತ್ತಿರದವರೆಗೆ ಎಳೆಯಿರಿ. ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಯಿತು ಅನ್ನೋದನ್ನು 1.25ರಿಂದ ಗುಣಿಸಿದರೆ ಸುಮಾರಾಗಿ ಕುದುರೆ ಶಕ್ತಿ ಸಿಗುತ್ತದೆ. ಸರಿಯಿರುವ ಕಾರಿನಲ್ಲಿ 120 ಗ್ರಾಂ ಆಸುಪಾಸು ಬರಬೇಕು. 80 ಬಂದರೆ ಒಂದೋ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಲ್ಲ ಟರ್ಬೋ ಒತ್ತಡ ಕಟ್ಟುತ್ತಿಲ್ಲ. ಯಾವುದು ಅಂತ 115ನೇ ಗುಂಪು ಹೇಳುತ್ತದೆ. ಅಲ್ಲಿ ಕಂಪ್ಯೂಟರ್ ಕೇಳಿದ ಒತ್ತಡ, ನಿಜಕ್ಕೂ ಸಿಕ್ಕ ಒತ್ತಡ ಎರಡೂ ಪಕ್ಕಪಕ್ಕದಲ್ಲಿ ಬರುತ್ತವೆ.

ಇಲ್ಲಿ ಬೆಂಗಳೂರಿನವರು ಒಂದು ವಿಷಯಕ್ಕೆ ಗಾಬರಿ ಬೀಳುತ್ತಾರೆ. ಇಂಜಿನ್ ಶುರು ಮಾಡದೆ ಕೀ ಆನ್ ಮಾಡಿದಾಗ ಒತ್ತಡ 910 ಮಿಲಿಬಾರ್ ತೋರಿಸುತ್ತದೆ, ಇಂಟರ್ನೆಟ್‌ನಲ್ಲಿ ಎಲ್ಲರೂ 1000 ಅಂತ ಬರೆದಿರುತ್ತಾರೆ. ಸೆನ್ಸರ್ ಹಾಳಾಗಿಲ್ಲ ಮಾರಾಯ್ರೇ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಹೊರಗಿನ ಗಾಳಿಯ ಒತ್ತಡವೇ ಅಷ್ಟು. ಅದೇ ಕಾರು ಮಂಗಳೂರಿಗೆ ಇಳಿದರೆ 1010 ತೋರಿಸುತ್ತದೆ.

ಗಾಳಿ ಸೋರುತ್ತಿದೆ ಅಂತ ಗೊತ್ತಾದ ಮೇಲೆ ಎಲ್ಲಿ ಅಂತ ಹುಡುಕುವುದು ಮನೆಯಲ್ಲೇ ಆಗುವ ಕೆಲಸ, ಮತ್ತು ನನ್ನ ಮಟ್ಟಿಗೆ ಈ ಇಡೀ ಕಾರಿನಲ್ಲಿ ಅತಿ ಹೆಚ್ಚು ಖುಷಿ ಕೊಡುವ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ಎಂಡ್ ಕ್ಯಾಪ್ ತನ್ನಿ, ಟರ್ಬೋಗೆ ಗಾಳಿ ತರುವ ರಬ್ಬರ್ ಪೈಪಿನ ಬಾಯಿಗೆ ಕೂರುವ ಅಳತೆಯದ್ದು. ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಏರ್‌ಫ್ಲೋ ಸೆನ್ಸರ್ ಬಿಚ್ಚಿ, ಆ ಜಾಗದಲ್ಲಿ ಕ್ಯಾಪ್ ತೂರಿಸಿ ಕ್ಲಿಪ್ ಬಿಗಿ ಮಾಡಿ, ಪಂಪಿನಿಂದ ಗಾಳಿ ಬಿಡಿ. 10 ಪಿಎಸ್‌ಐ ಸಾಕು. ಆದರೆ ಅದಕ್ಕೂ ಮುಂಚೆ ಇಂಜಿನ್ ಬ್ರೀದರ್‌ನಿಂದ (ಇಂಜಿನ್ ಒಳಗಿನ ಹೊಗೆ ಹೊರಬರುವ ದಾರಿ) ಆ ರಬ್ಬರ್ ಪೈಪಿಗೆ ಬಂದು ಸೇರುವ ಕೊಳವೆಯನ್ನು ಬಿಚ್ಚಿ ಎರಡೂ ಕಡೆ ಮುಚ್ಚಲೇಬೇಕು. ಮರೆತರೆ ಗಾಳಿ ನೇರ ಇಂಜಿನ್ ಹೊಟ್ಟೆಗೆ ಹೋಗಿ ಆಯಿಲ್ ಸೀಲ್‌ಗಳನ್ನು ಹೊರಕ್ಕೆ ತಳ್ಳುತ್ತದೆ, ಆಗ ಗ್ಯಾರೇಜಿನವರ ಮಾತೇ ನಿಜವಾಗುತ್ತದೆ. ಆಮೇಲೆ ಸೋಪಿನ ನೀರು ಚಿಮುಕಿಸುತ್ತಾ ಹೋಗಿ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಬ್ರೀದರ್ ಪೈಪುಗಳು ಕೈಯಲ್ಲಿ ಹಿಚುಕಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತವೆ. ಆಕ್ಸಿಲರೇಟರ್ ಬಿಟ್ಟಾಗ ಟರ್ಬೋ ಒತ್ತಡ ಬಿಡುವ ಡೈವರ್ಟರ್ ವಾಲ್ವ್ ಒಳಗಿನ ರಬ್ಬರ್ ಪದರ ಹರಿದಿರುತ್ತದೆ. ಟರ್ಬೋ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನ ಪೈಪಿನ ಕ್ಲಿಪ್ ಸಡಿಲ ಆಗಿರುತ್ತದೆ. ಈ ಪೈಪುಗಳನ್ನು ಒಂದೊಂದೇ ಹಾಕುವ ಬದಲು ಎಲ್ಲಾ ಒಟ್ಟಿಗೆ ಬದಲಿಸಿ. ಹಳೇದರಲ್ಲಿ ಇವತ್ತು ಒಂದು ಹೋದರೆ ಮುಂದಿನ ತಿಂಗಳು ಪಕ್ಕದ್ದು ಹೋಗುತ್ತದೆ. ಪೆಟ್ರೋಲ್ ಹೋಸ್‌ಗಳನ್ನೂ ಈಗಲೇ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಆ ಕಾಲದ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ.

ಇಂಜಿನ್ ಲೈಟ್ ಮಿಟುಕಿ, ಕಾರು ಕುಲುಕಿದರೆ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ನೋಡಿ. ಒಂದೊಂದು ಸಿಲಿಂಡರ್‌ಗೆ ಒಂದೊಂದು ಇದೆ. ಕೋಡ್ ಬಂದ ಸಿಲಿಂಡರ್‌ನ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ. ದೋಷವೂ ಜೊತೆಗೇ ಹೋದರೆ ಕಾಯಿಲ್ ಸತ್ತಿದೆ.

ಈಗ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ನೂ ವಾಲ್ವೂ ಒಂದೇ ತಾಳದಲ್ಲಿ ನಡೆಯುವಂತೆ ಹಿಡಿದಿಡುವ ಬೆಲ್ಟ್. ಹಿಂದಿನ ಮಾಲೀಕರು ಯಾವಾಗ ಬದಲಿಸಿದರು ಅನ್ನೋದಕ್ಕೆ ಬಿಲ್ ಇದೆಯಾ? ಬಾಯಿಮಾತು ಲೆಕ್ಕಕ್ಕಿಲ್ಲ. ಬಿಲ್ ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ಬಿಟ್ಟು ಮೊದಲು ಇದನ್ನೇ ಮಾಡಿ, ಅಲ್ಲಿವರೆಗೆ ಕಾರು ಓಡಿಸಬೇಡಿ. ಬೆಲ್ಟ್ ಕಿತ್ತುಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ, ಬಾಗೋದಕ್ಕೆ 20 ವಾಲ್ವ್ ಇವೆ. ಬೆಲ್ಟ್ ಜೊತೆಗೆ ಟೆನ್ಷನರ್, ರೋಲರ್, ವಾಟರ್ ಪಂಪ್ ಎಲ್ಲಾ ಒಟ್ಟಿಗೆ ಬದಲಿಸಿ. ಹಳೇ ಪಂಪಿನ ಒಳಗಿನ ಫ್ಯಾನ್ ಪ್ಲಾಸ್ಟಿಕ್ಕಿನದಾಗಿದ್ದರೆ ಲೋಹದ ಫ್ಯಾನ್ ಇರುವ ಪಂಪ್ ಕೇಳಿ ತನ್ನಿ. ಪ್ಲಾಸ್ಟಿಕ್ಕಿನದು ಒಡೆದರೆ ಪಂಪ್ ತಿರುಗುತ್ತಿದ್ದರೂ ನೀರು ತಿರುಗುವುದಿಲ್ಲ. ಈ ಕೆಲಸಕ್ಕೆ ಬಲಗಡೆಯ ಇಂಜಿನ್ ಮೌಂಟ್ ಬಿಚ್ಚಬೇಕು, ಇಂಜಿನ್ನನ್ನು ಕೆಳಗಿನಿಂದ ಮರದ ತುಂಡಿಟ್ಟು ಜಾಕಿನಲ್ಲಿ ಹಿಡಿಯಬೇಕು. ಗುರುತುಗಳನ್ನು ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತು ಮತ್ತೆ ಸರಿಯಾಗಿ ಕೂಡುತ್ತದಾ ನೋಡಿ. ತಿರುಗಿಸುವಾಗ ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಖಂಡಿತ ಬೇಡ, ಜಿ12 ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಹಸಿರು ಕೂಲೆಂಟ್ ಜೊತೆ ಬೆರೆಸಬೇಡಿ.

ಕಾರಿನ ಕೆಳಗೆ ನುಗ್ಗುವ ಮುನ್ನ ಜಾಕ್ ಸ್ಟ್ಯಾಂಡ್ ತಗೊಳ್ಳಿ. ಕಾರಿನ ಜೊತೆ ಬರುವ ಜಾಕ್ ಟೈರ್ ಬದಲಿಸೋದಕ್ಕೆ ಮಾತ್ರ, ಇದರಲ್ಲಿ ಚೌಕಾಸಿ ಇಲ್ಲ. ಇನ್ನೊಂದು, ಈ ಕಾರಿನಲ್ಲಿ ಡ್ರೈವ್‌ಶಾಫ್ಟ್‌ನಂಥ ಕಡೆ ಅಲೆನ್ ಬೋಲ್ಟ್ ತರಹವೇ ಕಾಣುವ, 12 ಮೂಲೆಯ ಟ್ರಿಪಲ್ ಸ್ಕ್ವೇರ್ ಬೋಲ್ಟ್‌ಗಳಿವೆ. ಅಲೆನ್ ಕೀ ಹಾಕಿ ತಿರುಗಿಸಿದರೆ ಮೂಲೆ ಸವೆದು ಹೋಗುತ್ತದೆ, ಆಮೇಲೆ ವೆಲ್ಡಿಂಗ್‌ನವರನ್ನು ಕರೆಸಬೇಕು. ಟಾರ್ಕ್ ರೆಂಚ್ ಇಲ್ಲದೆ ಯಾವುದನ್ನೂ ಮುಚ್ಚಬೇಡಿ. ವೀಲ್ ಬೋಲ್ಟ್‌ಗೇ 120 ನ್ಯೂಟನ್ ಮೀಟರ್ ಅಂತ ಲೆಕ್ಕ ಇದೆ.

ಕೆಳಗೆ ಹೋದ ಮೇಲೆ ಆಯಿಲ್ ಚೇಂಬರ್ ನೋಡಿ. ಅಲ್ಯೂಮಿನಿಯಂದು, ನಮ್ಮ ಹಂಪ್‌ಗಳ ಏಟು ತಿಂದಿರುತ್ತದೆ. ಅದನ್ನು ಇಳಿಸಿ ಒಳಗಿನ ಆಯಿಲ್ ಜಾಲರಿ ಶುಚಿ ಮಾಡಿದರೆ ನೂರು ರೀಮ್ಯಾಪ್‌ಗಿಂತ ಒಳ್ಳೆಯದು. ಟರ್ಬೋ ಬಿಸಿಗೆ ಕೆಟ್ಟ ಆಯಿಲ್ ಕರಕಲಾಗಿ ಬಂದು ಆ ಜಾಲರಿಯಲ್ಲಿ ಕೂರುತ್ತದೆ, ಆಯಿಲ್ ಒತ್ತಡ ಬೀಳುತ್ತದೆ, ಮೊದಲು ಸಾಯುವುದು ಟರ್ಬೋ. ಚೇಂಬರಿಗೆ ಪ್ಯಾಕಿಂಗ್ ಇಲ್ಲ, ಸಿಲಿಕೋನ್ ಪೇಸ್ಟ್. ತೆಳುವಾಗಿ ಹಚ್ಚಿ. ದಪ್ಪ ಬಳಿದರೆ ಒಳಗೆ ಇಳಿದ ಚೂರೇ ಹೋಗಿ ನೀವು ಈಗಷ್ಟೇ ತೊಳೆದ ಜಾಲರಿ ಮುಚ್ಚುತ್ತದೆ. ಆಯಿಲ್ 5ಡಬ್ಲ್ಯೂ-40 ಸಿಂಥೆಟಿಕ್, ಡಬ್ಬದ ಮೇಲೆ ವಿಡಬ್ಲ್ಯೂ 502.00 ಅಂತ ಇರಬೇಕು.

ಇಷ್ಟಾದ ಮೇಲೆ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ, ಗೇಜ್ ಹಾಕಿ ನೋಡಿ. ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗೆ, ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು. ಯಾವುದಾದರೂ ಸಿಲಿಂಡರ್ 7 ಬಾರ್‌ಗಿಂತ ಕೆಳಗೆ ಬಂದರೆ, ಅಥವಾ ಒಂದಕ್ಕೂ ಇನ್ನೊಂದಕ್ಕೂ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಆಗ ಗ್ಯಾರೇಜಿನವರ ಜೊತೆ ಇಂಜಿನ್ ಇಳಿಸುವ ಮಾತಾಡಿ. ಬೋರಿಂಗ್, ಹೆಡ್ ಫೇಸಿಂಗ್ ಮನೆಯಲ್ಲಿ ಆಗುವ ಕೆಲಸಗಳಲ್ಲ, ಅವು ಲೇತ್‌ನವರದ್ದೇ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬಹುದು. ಆದರೆ ಬೆಲ್ಟು, ಪಂಪು, ಸೆನ್ಸರ್ ಮಾತ್ರ ಗುಜರಿಯಿಂದ ತರಬೇಡಿ. ಗುಜರಿಯ ಇಂಜಿನ್ ಇಡೀಯಾಗಿ ತಂದು ಹಾಕುವ ಯೋಚನೆ ಇದ್ದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಂಬರ್ ಬದಲಿಸಿಕೊಳ್ಳಬೇಕು. ಕಾರಿಗೆ 15 ವರ್ಷ ದಾಟಿರೋದರಿಂದ ಆರ್‌ಸಿ ನವೀಕರಣಕ್ಕೆ ಹೋದಾಗ ಇಂಜಿನ್ ನಂಬರ್ ನೋಡೇ ನೋಡುತ್ತಾರೆ.

ಗೆಳೆಯರ ರೀಮ್ಯಾಪ್ ವಿಷಯ. ಸಾಫ್ಟ್‌ವೇರ್ ಒಂದರಿಂದಲೇ ಈ ಇಂಜಿನ್ 190 ಕುದುರೆ ಶಕ್ತಿಯ ಸುತ್ತಮುತ್ತ ಹೋಗುತ್ತದೆ, ಅದು ಸುಳ್ಳಲ್ಲ. ಸೋರುವ ಪೈಪಿನ ಮೇಲೆ ಮಾಡಿಸಿದರೆ ಮಾತ್ರ ಟರ್ಬೋ ಆ ಸೋರಿಕೆ ತುಂಬಿಸಲು ಇನ್ನೂ ಜೋರಾಗಿ ತಿರುಗಿ ಬೇಗ ಸಾಯುತ್ತದೆ. ಮಾಡಿಸುವುದೇ ಆದರೆ ಮೊದಲು 20ನೇ ಗುಂಪಿನಲ್ಲಿ ನಾಕಿಂಗ್‌ಗಾಗಿ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಉರಿದು ಬಡಿಯೋದು) ಕಂಪ್ಯೂಟರ್ ಪ್ರತಿ ಸಿಲಿಂಡರ್‌ನ ಕಿಡಿಯ ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆದಿದೆ ನೋಡಿ. ಈಗಲೇ ಹಿಂದಕ್ಕೆ ಎಳೆಯುತ್ತಿದ್ದರೆ ಪೆಟ್ರೋಲ್, ಪ್ಲಗ್, ಇಂಟರ್‌ಕೂಲರ್ ಸರಿ ಮಾಡೋವರೆಗೆ ಕಾಯಿರಿ. ಹಳೇ ಕ್ಲಚ್ ಜಾರಬಹುದು, ಅದಕ್ಕೂ ದುಡ್ಡು ಎತ್ತಿಡಿ. ಕಂಪನಿ ಕೊಟ್ಟ ವಿವರಕ್ಕೆ ಹೊರತಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಇನ್ಶೂರೆನ್ಸ್‌ನವರೂ ಕ್ಲೇಮ್ ಸಮಯದಲ್ಲಿ ತಕರಾರು ತೆಗೆಯಬಹುದು, ಅದನ್ನು ಯೋಚಿಸಿ. ರೀಮ್ಯಾಪ್ ಮಾಡುವ ಟ್ಯೂನರ್ ಹತ್ತಿರ ಹೋದಾಗ ಅವರು ಬರೆಯುವ ಮುಂಚೆ ಓದಿಕೊಂಡ ಮೂಲ ಫೈಲ್‌ನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಕೊಡೋದಿಲ್ಲ ಅಂದರೆ ಬೇರೆ ಟ್ಯೂನರ್ ನೋಡಿ.