ಭಜನೆಯಲ್ಲಿ ಸಿಗುವ ನಾಲ್ಕು ಜನ

"ಡಾಕ್ಟ್ರೇ, ಭಜನೇಲಿ ನನ್ನ ಮನಸ್ಸು ದೇವರ ಮೇಲೆ ನಿಲ್ಲಲ್ಲ. ನಾನು ಹೋಗೋದೇ ಅಲ್ಲಿ ನಾಲ್ಕು ಜನ ಸಿಗ್ತಾರೆ ಅಂತ. ತಪ್ಪಲ್ವಾ ಇದು?" ಪತಿ ತೀರಿಕೊಂಡ ಮೇಲೆ ನಿದ್ದೆಗೆಟ್ಟು ನನ್ನಲ್ಲಿಗೆ ಬರುತ್ತಿದ್ದ, ಅರವತ್ತು ದಾಟಿದ ಮಹಿಳೆಯೊಬ್ಬರು ದನಿ ತಗ್ಗಿಸಿ ಕೇಳಿದ ಮಾತಿದು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಕೈ ತಾಳ ಹಾಕುತ್ತಿದ್ದರೂ ಮನಸ್ಸು ಕೋಸಂಬರಿ ಹಂಚುವ ಹೊತ್ತಿನ ಹರಟೆಯನ್ನೇ ಕಾಯುತ್ತಿರುತ್ತದೆ ಎಂಬುದು ಅವರ ಅಳುಕು.

ಮನಃಶಾಸ್ತ್ರಕ್ಕೂ ಈ ಅಳುಕು ಹೊಸದಲ್ಲ. 1967ರಲ್ಲಿ ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ ಅವರು ಧರ್ಮವನ್ನೇ ಬಾಳುವವರ ಪ್ರೇರಣೆಯನ್ನು ಆಂತರಿಕವೆಂದೂ, ಬೇರೊಂದು ಪ್ರಯೋಜನಕ್ಕಾಗಿ ಧರ್ಮವನ್ನು ಆಶ್ರಯಿಸುವವರದನ್ನು ಬಾಹ್ಯವೆಂದೂ ವಿಂಗಡಿಸಿದರು. 1989ರಲ್ಲಿ ಗೋರ್ಸಚ್ ಮತ್ತು ಮ್ಯಾಕ್‌ಫರ್ಸನ್ ಈ ಬಾಹ್ಯ ಪ್ರೇರಣೆಯಲ್ಲೂ ಎರಡು ಎಳೆ ಕಂಡರು: ನೆಮ್ಮದಿಯನ್ನು ಅರಸುವ ವೈಯಕ್ತಿಕ ಎಳೆ ಒಂದು, ಪರಿಚಿತರ ಒಡನಾಟವನ್ನು ಅರಸುವ ಸಾಮಾಜಿಕ ಎಳೆ ಇನ್ನೊಂದು. ಬಾಹ್ಯವೆಂದರೆ ಕೆಳದರ್ಜೆಯದು ಎಂಬ ಭಾವನೆ ಮಾತ್ರ ಬಹುಕಾಲ ಉಳಿಯಿತು. ಆ ಶ್ರೇಣೀಕರಣ ನನಗೆಂದೂ ಒಪ್ಪಿಗೆಯಾಗಿಲ್ಲ.

ಏಕೆಂದರೆ, ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಮ್ 2010ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಪ್ರತಿ ವಾರ ಪ್ರಾರ್ಥನೆಗೆ ಹೋಗುವವರ ಪೈಕಿ ಅದೇ ಸಭೆಯಲ್ಲಿ ಮೂರರಿಂದ ಐದು ಮಂದಿ ಆಪ್ತರಿದ್ದವರಲ್ಲಿ ಶೇ 33ರಷ್ಟು ಜನ ಬದುಕಿನ ಬಗ್ಗೆ ಅತ್ಯಂತ ತೃಪ್ತಿ ಇದೆಯೆಂದರೆ, ಅಷ್ಟೇ ತಪ್ಪದೆ ಹೋಗಿಯೂ ಅಲ್ಲಿ ಆಪ್ತರಿಲ್ಲದವರಲ್ಲಿ ಹಾಗೆಂದವರು ಶೇ 19 ಮಾತ್ರ. ಆದರೆ ಆ ಗೆಳೆತನ ಫಲ ಕೊಟ್ಟದ್ದು ಧರ್ಮವನ್ನು ತಮ್ಮ ಗುರುತಿನ ಮುಖ್ಯ ಭಾಗವೆಂದು ಬಗೆದವರಿಗೆ. ಅಂದರೆ ಬಳಗವೂ ಬೇಕು, ಅದು ತನ್ನದೆಂಬ ಭಾವವೂ ಬೇಕು.

ನನ್ನ ಅನುಭವದಲ್ಲಿ ಸಾಮಾಜಿಕ ಪ್ರೇರಣೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. "ನಾಲ್ಕು ಜನ ಸಿಗುತ್ತಾರೆ" ಎಂದು ಹೋಗುವುದು ಒಂದು. "ಹೋಗದಿದ್ದರೆ ನಾಲ್ಕು ಜನ ಏನಂದುಕೊಳ್ಳುತ್ತಾರೋ" ಎಂದು ಹೋಗುವುದು ಇನ್ನೊಂದು. ಎರಡನೆಯವರು ಪೂಜೆಯ ಹಿಂದಿನ ದಿನವೇ ಯಾವ ಸೀರೆ, ಎಷ್ಟು ಕಾಣಿಕೆ, ಮಗನ ಮದುವೆಯ ಬಗ್ಗೆ ಕೇಳಿದರೆ ಏನು ಹೇಳುವುದು ಎಂಬ ಲೆಕ್ಕದಲ್ಲಿ ಬಳಲಿರುತ್ತಾರೆ. ಅಂಥವರಿಗೆ "ದೇವಸ್ಥಾನಕ್ಕೆ ಹೋಗಿ ಬನ್ನಿ, ಸರಿಹೋಗುತ್ತದೆ" ಎನ್ನುವ ಸಲಹೆ ಹೊರೆಯ ಮೇಲಿನ ಹೊರೆ. ಆದ್ದರಿಂದ ಎಷ್ಟು ಸಲ ಹೋಗುತ್ತೀರಿ ಎನ್ನುವುದಕ್ಕಿಂತ, ಎರಡು ವಾರ ಹೋಗದಿದ್ದರೆ ವಿಚಾರಿಸಲು ಯಾರು ಬರುತ್ತಾರೆ ಎಂದು ಕೇಳುತ್ತೇನೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹೋಗುವುದರಿಂದ ಮನಸ್ಸು ಹಗುರವಾಗುವಂತೆಯೇ, ಮನಸ್ಸು ಕುಸಿದವರು ಹೋಗುವುದನ್ನೇ ಬಿಡುತ್ತಾರೆ. ವರ್ಷಗಟ್ಟಲೆ ತಪ್ಪಿಸದವರು ಇದ್ದಕ್ಕಿದ್ದಂತೆ ಭಜನೆ ಬಿಟ್ಟರೆ ಮನೆಯವರು ಅದನ್ನು ಸೋಮಾರಿತನ ಎನ್ನದೆ ಖಿನ್ನತೆಯ ಸುಳಿವಿರಬಹುದೆಂದು ಗಮನಿಸಬೇಕು.

ಆ ಮಹಿಳೆಯೂ ನಡುವೆ ಮೂರು ಶನಿವಾರ ಹೋಗಿರಲಿಲ್ಲ. ಮೂರನೆಯ ವಾರ ಪಕ್ಕದಲ್ಲಿ ಕೂರುವಾಕೆ ಸ್ಟೀಲ್ ಡಬ್ಬಿಯಲ್ಲಿ ಕೋಸಂಬರಿ ಹಿಡಿದು ಮನೆಗೇ ಬಂದು, ಬಾಗಿಲಲ್ಲೇ ಗದರಿದರಂತೆ. ಅದನ್ನು ಹೇಳುವಾಗ ಅವರು ತಿಂಗಳುಗಳ ನಂತರ ಮೊದಲ ಸಲ ನಕ್ಕರು. ಅಂದು ನಾನು ಮಾತ್ರೆಯ ಪ್ರಮಾಣ ಹೆಚ್ಚಿಸಲಿಲ್ಲ. ಚೀಟಿಯ ಕೆಳಗೆ "ಶನಿವಾರದ ಭಜನೆ, ಹರಟೆ ಸಹಿತ" ಎಂದು ಬರೆದುಕೊಟ್ಟೆ.